ಸಿಂಗಾಪುರದ ಟೆಕ್ಕಾ ಸೆಂಟರ್: ಜೇಬಿಗೆ ಹಗುರ, ಹೊಟ್ಟೆಗೆ ಭಾರಿ
ಸಿಂಗಾಪುರಕ್ಕೆ ದಿನದ ಖರ್ಚು ಲೆಕ್ಕ ಹಾಕುವಾಗ ಊಟಕ್ಕೆ ಅಂತ ಸುಮ್ನೆ ಜಾಸ್ತಿ ದುಡ್ಡು ಎತ್ತಿಡಬೇಡಿ. ಲಿಟಲ್ ಇಂಡಿಯಾ ಎಂಆರ್‌ಟಿ (ಮೆಟ್ರೊ) ಸ್ಟೇಷನ್ ಪಕ್ಕದಲ್ಲೇ ಇರುವ ಈ ಹಾಕರ್ ಸೆಂಟರ್‌ಗೆ, ಅಂದರೆ ಸಣ್ಣ ಸಣ್ಣ ತಿಂಡಿ ಅಂಗಡಿಗಳೆಲ್ಲ ಒಂದೇ ಸೂರಿನಡಿ ಇರುವ ಜಾಗಕ್ಕೆ ಹೋಗಿ. ದೊಡ್ಡ ರೆಸ್ಟೋರೆಂಟ್‌ಗಳ ಮೆನುವಿನಲ್ಲಿ ಬೆಲೆ ಪಕ್ಕ ಎರಡು ಪ್ಲಸ್ ಗುರುತು ಇರುತ್ತಲ್ವಾ, ಅದು ಶೇ. 10 ಸರ್ವಿಸ್ ಚಾರ್ಜ್, ಅದರ ಮೇಲೆ ಮತ್ತೆ ಶೇ. 9 ಜಿಎಸ್‌ಟಿ, 20 ಡಾಲರ್ ಊಟದ ಬಿಲ್ಲು 24ರ ಹತ್ತಿರ ಬಂದು ನಿಲ್ಲುತ್ತದೆ. ಇಲ್ಲಿ ಆ ತಾಪತ್ರಯವೇ ಇಲ್ಲ, ಬೋರ್ಡಿನಲ್ಲಿ ಬರೆದಷ್ಟು ಕೊಟ್ಟರಾಯಿತು. ದೋಸೆ ಗರಿಗರಿ. ಟೆ ತಾರಿಕ್ ಅನ್ನೋ ಹಾಲಿನ ಚಹಾವನ್ನು ಎತ್ತರದಿಂದ ಸುರಿದು ನೊರೆ ಬರಿಸಿ ಕೊಡುತ್ತಾರೆ, ಸಿಹಿ ಮಾತ್ರ ಸ್ವಲ್ಪ ಅತಿ. ಸೆಕೆ ಇದೆ, ಗದ್ದಲವೂ ಇದೆ. ಟೇಬಲ್ ಮೇಲೆ ಟಿಶ್ಯೂ ಪ್ಯಾಕೆಟ್ ಕಂಡರೆ ಯಾರೋ ಸೀಟು ಹಿಡಿದಿದ್ದಾರೆ ಅಂತ ತಿಳಿಯಿರಿ. ತಿಂದ ಟ್ರೇ ನೀವೇ ಎತ್ತಿಡಬೇಕು, ಬಿಟ್ಟು ಹೋದರೆ ದಂಡ ಬೀಳಬಹುದು. ಜೊತೆಗೆ ಸ್ವಲ್ಪ ನಗದು ಇಟ್ಟುಕೊಳ್ಳಿ, ಎಲ್ಲಾ ಅಂಗಡಿಯಲ್ಲೂ ಕಾರ್ಡ್ ನಡೆಯುವುದಿಲ್ಲ.