ಗೋಡೆಯ ಯಂತ್ರ, ಕೈಯ ಗನ್, ಕಂಕುಳ ಕಡ್ಡಿ: ನಮ್ಮ ಹಾಸ್ಟೆಲಿನ ಜ್ವರದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ. ಗೋಡೆಗೆ ತಗುಲಿಸುವ ಥರ್ಮಾಮೀಟರ್ ಕೊಂಡು ಎರಡೂವರೆ ಸಾವಿರ ರೂಪಾಯಿ ಕಳೆದುಕೊಂಡೆ. ಅದರ ಅರ್ಧ ಬೆಲೆಗೆ ಆಮೇಲೆ ತಂದ, ಕೈಯಲ್ಲಿ ಹಿಡಿದು ಹಣೆಗೆ ಗುರಿಯಿಟ್ಟು ಜ್ವರ ನೋಡುವ ಗನ್ ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ.

ರಾಯಚೂರಿನಲ್ಲಿ ಎಪ್ಪತ್ತು ಹುಡುಗರಿರುವ ಒಂದು ಹಾಸ್ಟೆಲ್ ನೋಡಿಕೊಳ್ಳುತ್ತೇನೆ. ಕೊರೊನಾದಿಂದ ನಿಂತಿದ್ದ ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯುಸಿ ತರಗತಿಗಳು 2021ರ ಜನವರಿ 1ರಿಂದ ಮತ್ತೆ ಶುರುವಾದಾಗ ಒಳಗೆ ಬರುವ ಪ್ರತಿಯೊಬ್ಬನ ಜ್ವರ ನೋಡಬೇಕಾಯಿತು. ಅದಕ್ಕೆಂದೇ ಒಬ್ಬನನ್ನು ನಿಲ್ಲಿಸುವುದು ಬೇಡ, ಹುಡುಗರೇ ಹಣೆ ಒಡ್ಡಿ ಒಳಗೆ ಬರಲಿ ಎಂದು ಗೋಡೆಯ ಯಂತ್ರವನ್ನು ಗೇಟಿನ ಕಂಬಕ್ಕೆ ಹಾಕಿಸಿದೆ.

ನಮ್ಮ ಗೇಟು ಪೂರ್ವಕ್ಕೆ ಮುಖ ಮಾಡಿದೆ. ಜನವರಿಯಲ್ಲಿ ಏನೂ ತೊಂದರೆಯಾಗಲಿಲ್ಲ. ಫೆಬ್ರುವರಿ ಕೊನೆಯ ಒಂದು ಬೆಳಿಗ್ಗೆ ಟ್ಯೂಷನ್ ಮುಗಿಸಿ ಬಂದ ಹುಡುಗರೆದುರು ಯಂತ್ರ ಕಿರುಚತೊಡಗಿತು. ಕಾವಲುಗಾರ ಓಡಿ ಬಂದು, "ಸಾರ್, ಹನ್ನೊಂದು ಹುಡುಗರಿಗೆ ಜ್ವರ" ಎಂದ. ನನ್ನ ಎದೆ ಧಸಕ್ಕೆಂದಿತು. ಹನ್ನೊಂದೂ ಜನರನ್ನು ಜಗಲಿಯಲ್ಲಿ ಕೂರಿಸಿ ಒಬ್ಬೊಬ್ಬರ ಕಂಕುಳಿಗೆ ಥರ್ಮಾಮೀಟರ್ ಕಡ್ಡಿ ಇಟ್ಟೆವು. ಒಬ್ಬನಿಗೂ ಜ್ವರವಿರಲಿಲ್ಲ.

ಕಾರಣ ಎರಡು. ಬಿಸಿಲಲ್ಲಿ ನಡೆದು ಬಂದವನ ಹಣೆ ಸುಡುತ್ತಿರುತ್ತದೆ, ಅದು ಒಳಗಿನ ಜ್ವರವಲ್ಲ. ಇನ್ನೊಂದು, ಈ ಸಾಧನ ಹಣೆಯಿಂದ ಬರುವ ಅವಗೆಂಪು (ಇನ್‌ಫ್ರಾರೆಡ್) ಕಿರಣವನ್ನು ತನ್ನದೇ ಬಿಸಿಗೆ ಹೋಲಿಸಿ ಲೆಕ್ಕ ಹಾಕುತ್ತದೆ. ಕಂಬದ ಮೇಲೆ ಅದೇ ಕಾದು ಕುಳಿತಿದ್ದರೆ ಲೆಕ್ಕ ತಪ್ಪದೆ ಇನ್ನೇನಾದೀತು? ಕೈಪಿಡಿಯಲ್ಲಿ ನಲವತ್ತು ಡಿಗ್ರಿ ಸೆಲ್ಸಿಯಸ್‌ವರೆಗಿನ ಜಾಗದಲ್ಲಿ ಮಾತ್ರ ಬಳಸಿ ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ನಮ್ಮೂರಿನ ಬೇಸಿಗೆಗೆ ಅದನ್ನು ಹೇಳುವವರು ಯಾರು?

ಯಂತ್ರದ ತಲೆಯ ಮೇಲೊಂದು ರಟ್ಟಿನ ಮಾಡು ಕಟ್ಟಿದೆ. ಗಾಳಿಗೆ ಹಾರಿಹೋಯಿತು. ಜಗಲಿಯ ಒಳಗೋಡೆಗೆ ಸ್ಥಳಾಂತರಿಸಿದೆ. ಅಲ್ಲಿ ಎತ್ತರದ ತಕರಾರು. ಎಂಟನೆಯ ತರಗತಿಯವನು ತುದಿಗಾಲಲ್ಲಿ ನಿಲ್ಲಬೇಕು, ಪಿಯುಸಿಯವನು ಗುಬ್ಬಚ್ಚಿಯಂತೆ ಬಗ್ಗಬೇಕು. ಬೇಸತ್ತ ಹುಡುಗರು ಅಂಗೈ ತೋರಿಸತೊಡಗಿದರು. ನಲ್ಲಿಯಲ್ಲಿ ಕೈ ತೊಳೆದು ನೇರವಾಗಿ ಅಂಗೈ ಒಡ್ಡಿದರೆ ಯಂತ್ರ ಪಾಪ ಏನನ್ನು ತಾನೇ ಹೇಳೀತು? ಕೊನೆಗೆ ಅದರ ಪಕ್ಕ ಕಾವಲುಗಾರನನ್ನೇ ನಿಲ್ಲಿಸಿದೆ. ಆಳು ಉಳಿಸಲು ತಂದ ಯಂತ್ರಕ್ಕೆ ಆಳು ಕಾವಲು.

ಗನ್ನಿಗೆ ಈ ರಗಳೆಯಿಲ್ಲ. ಹುಡುಗರನ್ನು ನೆರಳಿನಲ್ಲಿ ಹತ್ತು ನಿಮಿಷ ಕೂರಿಸಿ, ಬೆವರು ಒರೆಸಿ, ಹಣೆಯಿಂದ ಮೂರ್ನಾಲ್ಕು ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಆಯಿತು. ಅದರದ್ದೂ ಒಂದು ಕುಚೇಷ್ಟೆ ಇದೆ: ದೇಹಕ್ಕೊಂದು, ವಸ್ತುವಿಗೊಂದು ಎಂದು ಎರಡು ಬಗೆ. ಗುಂಡಿ ಅಕಸ್ಮಾತ್ ಒತ್ತಿಹೋದರೆ ವಸ್ತುವಿನ ಬಗೆಗೆ ಹೊರಳಿ ಎಲ್ಲರಿಗೂ ತೊಂಬತ್ತಮೂರರ ಆಸುಪಾಸು ಫ್ಯಾರನ್‌ಹೀಟ್ ತೋರಿಸಿ ಸುಮ್ಮನಾಗುತ್ತದೆ. ಆ ಗುಂಡಿಯ ಮೇಲೆ ಪ್ಲಾಸ್ಟರ್ ಅಂಟಿಸಿದ್ದೇನೆ.

ಕಂಕುಳ ಕಡ್ಡಿ ಇನ್ನೂರು ರೂಪಾಯಿ. ನಂಬಿಕೆಗೆ ಅದೇ ಮೇಲು. ಆದರೆ ತಲೆಗೊಂದು ನಿಮಿಷ ಹಿಡಿದರೂ ಎಪ್ಪತ್ತು ಹುಡುಗರಿಗೆ ಒಂದು ಗಂಟೆಗೂ ಹೆಚ್ಚು. ಗನ್ 100.4 ಫ್ಯಾರನ್‌ಹೀಟ್ ದಾಟಿದರೆ ಮಾತ್ರ ಕಡ್ಡಿ ಹೊರಗೆ ಬರುತ್ತದೆ.

ಮೈಯ ಬಿಸಿಯನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾ ಮಾರುವವರೂ ಬಂದಿದ್ದರು. ಅದಕ್ಕೂ ಜನ ಒಬ್ಬೊಬ್ಬರಾಗಿಯೇ ನಿಲ್ಲಬೇಕು, ಕನ್ನಡಕ ತೆಗೆಯಬೇಕು, ಸರಿಯಾದ ಅಳತೆಗೆ ಪಕ್ಕದಲ್ಲಿ ಗೊತ್ತಾದ ಬಿಸಿಯ ಇನ್ನೊಂದು ಪೆಟ್ಟಿಗೆ ಇಡಬೇಕು. ಬೆಲೆ ಕೇಳಿದ ಮೇಲೆ ಚಹಾ ಕುಡಿಸಿ ಕಳಿಸಿದೆ.

ಗೇಟಿನ ತಪಾಸಣೆ ನಿಂತು ಎಷ್ಟೋ ಕಾಲವಾಯಿತು. ಮಳೆಗಾಲದ ಜ್ವರ, ಡೆಂಗಿಯ ಭಯ ನಿಂತಿಲ್ಲ. ಯಾರಿಗಾದರೂ ಮೈ ಸರಿಯಿಲ್ಲದ ರಾತ್ರಿ ಗನ್ ಹಿಡಿದು ಮಂಚಗಳ ನಡುವೆ ಒಂದು ಸುತ್ತು ಹಾಕುತ್ತೇನೆ. ಸದ್ದು ಆರಿಸಬಹುದಾದ್ದರಿಂದ ಯಾರೂ ಏಳುವುದಿಲ್ಲ. ಮುಸುಕು ಹೊದ್ದು ಮಲಗಿದವನ ಹಣೆ ಬೆಚ್ಚಗಿರುತ್ತದೆ, ಹೊದಿಕೆ ಸರಿಸಿ ಸ್ವಲ್ಪ ಹೊತ್ತು ಕಾಯಬೇಕು. ಜ್ವರವಿಲ್ಲವೆಂದು ಗನ್ನಿನ ಪರದೆ ಹಸಿರಾದರೆ ಹೊದಿಕೆಯನ್ನು ಮತ್ತೆ ಎಳೆದು ಮುಂದಿನ ಮಂಚಕ್ಕೆ ಹೋಗುತ್ತೇನೆ.