ಕೋಣೆಯಿಂದ ಹೊರಗಾ, ಸಮಿತಿಯಿಂದಲೇ ಹೊರಗಾ?

ಸಂಶೋಧನೆಗೆ ಅನುದಾನ ಕೋರಿ ಅರ್ಜಿ ಹಾಕಿದವರು, ಅಂಥ ಅರ್ಜಿಗಳಿಗೆ ಅಂಕ ಕೊಡುವ ಸಮಿತಿಯಲ್ಲೇ ಇರುವ ತಜ್ಞರೊಬ್ಬರ ಹಳೇ ವಿದ್ಯಾರ್ಥಿ. ಕೊಡಬೇಕಾಗಿರುವುದು ಸಾರ್ವಜನಿಕ ಹಣ. ಸಮಿತಿ ನಡೆಸುವವರ ಮುಂದೆ ಮುಖ್ಯವಾಗಿ ಎರಡು ದಾರಿ.

ಒಂದು, ಆ ಅರ್ಜಿಯ ಚರ್ಚೆ ಮುಗಿಯುವವರೆಗೆ ಮಾತ್ರ ತಜ್ಞರನ್ನು ಹೊರಗೆ ಕೂರಿಸುವುದು. ಇದು ಸುಲಭ. ಎಲ್ಲರಿಗೂ ಎಲ್ಲರೂ ಪರಿಚಯವಿರುವ ಸಣ್ಣ ಕ್ಷೇತ್ರದಲ್ಲಿ ಬೇರೆ ಗತಿಯೂ ಇಲ್ಲ. ಆದರೆ ಸ್ವೀಡನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂಕಗಳನ್ನು ಜಾಲಾಡಿ 1997ರಲ್ಲಿ ಬಂದ ಅಧ್ಯಯನ ನೋಡಿ. ಅಲ್ಲಿ ನಂಟಿದ್ದ ಸದಸ್ಯರು ಅಂಕ ಕೊಡುವಂತಿರಲಿಲ್ಲ. ಆದರೂ ಅವರ ಕಡೆಯವರಿಗೆ ಉಳಿದವರಿಂದಲೇ ಜಾಸ್ತಿ ಅಂಕ ಸಿಕ್ಕಿತ್ತು! ಬಾಗಿಲಾಚೆ ಹೋದರೂ ಮುಲಾಜು ಒಳಗೇ ಉಳಿಯುತ್ತದೆ, ಅಲ್ವಾ?

ಇನ್ನೊಂದು, ಆ ಸಲದ ಅರ್ಜಿಗಳೆಲ್ಲ ಮುಗಿಯುವವರೆಗೆ ಆ ತಜ್ಞರನ್ನು ಸಮಿತಿಯಿಂದಲೇ ಹೊರಗಿಡುವುದು. ಮುಲಾಜಿನ ಕಾಟ ಕಮ್ಮಿ. ಆದರೆ ವಿಷಯ ಬಲ್ಲವರೇ ಕೈತಪ್ಪಿ, ಅರೆಬರೆ ತಿಳಿದವರು ಅಂಕ ಹಾಕುವ ಅಪಾಯ ಇದೆ.

ಯಾವುದನ್ನೇ ಆರಿಸಿ, 'ನಂಟಿದ್ದರೆ ತಿಳಿಸಿ' ಎಂಬ ಫಾರಂ ಒಂದನ್ನೇ ಸುಮ್ನೆ ನಂಬಬೇಡಿ. ನಂಟು ಅಂದರೆ ಏನು ಅಂತ ಮೊದಲೇ ಬರೆದಿಡಿ. ಸಂಶೋಧನೆಗೆ ಸರ್ಕಾರಿ ಹಣ ಕೊಡುವ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಅರ್ಜಿದಾರರಿಂದಲೇ ಕಳೆದ 48 ತಿಂಗಳ ಸಹಲೇಖಕರ ಪಟ್ಟಿ ಕೇಳುತ್ತದೆ. ಪಿಎಚ್‌ಡಿ ಗುರು-ಶಿಷ್ಯರ ನಂಟಿಗಂತೂ ಅಲ್ಲಿ ಅವಧಿಯ ಮಿತಿಯೇ ಇಲ್ಲ.

ದೊಡ್ಡ ಮೊತ್ತವಾದರೆ ನನ್ನ ಮತ ಎರಡನೆಯದಕ್ಕೆ. ಬದಲಿ ತಜ್ಞರು ಸಿಗದಿದ್ದರೆ ಮೊದಲನೆಯದೇ ಇರಲಿ, ಆದರೆ ಆ ಅರ್ಜಿಯ ಕಡತವೂ ಅಂಕಗಳೂ ನಂಟಿರುವ ತಜ್ಞರ ಕಣ್ಣಿಗೆ ಬೀಳಬಾರದು.