ವಿದ್ಯಾನಗರದ ನೋಟರಿ, ವಲೆನ್ಸಿಯಾದ ಫ್ಲಾಟು

ಕಾಸರಗೋಡಿನ ವಿದ್ಯಾನಗರದಲ್ಲಿ ಕೋರ್ಟಿನ ಹತ್ತಿರ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ಕೂರುವ ವಕೀಲಮ್ಮ ನೋಟರಿಯೊಬ್ಬರ ಬಗ್ಗೆ ಇದು. ಕೇಳದೆ ಅವರ ಹೆಸರು ಹಾಕುವುದು ಸರಿಯಲ್ಲ, ಹಾಗಾಗಿ ಹಾಕಿಲ್ಲ. ಅವರು ಮಾಡಿದ ಕೆಲಸ ಏನು ಅಂತ ಬಿಡಿಸಿ ಹೇಳುತ್ತೇನೆ. ಹೊರದೇಶದಲ್ಲಿ ಮನೆ ತೆಗೆಯಲು ಹೊರಟ ನಮ್ಮ ಕಡೆಯವರಿಗೆ ಬೇಕಾಗುತ್ತದೆ.

ತಂಗಿ, ಭಾವ ಸ್ಪೇನಿನ ವಲೆನ್ಸಿಯಾದಲ್ಲಿದ್ದಾರೆ. ಅಲ್ಲಿ ಇಬ್ಬರ ಹೆಸರಲ್ಲೂ ಒಂದು ಫ್ಲಾಟ್ ತೆಗೆಯುವುದು ಅಂತ ನಿಶ್ಚಯ ಆಗಿ, ಮುಂಗಡವನ್ನೂ ಕೊಟ್ಟಾಗಿತ್ತು. ಅಷ್ಟರಲ್ಲಿ ತಂಗಿ ಹೆರಿಗೆಗೆ ಅಂತ ಬದಿಯಡ್ಕಕ್ಕೆ ಬಂದಳು. ಏಳು ತಿಂಗಳು ತುಂಬಿತ್ತು, ಸಹಿಗೋಸ್ಕರ ವಾಪಸ್ ವಿಮಾನ ಹತ್ತುವ ಹಾಗಿರಲಿಲ್ಲ. ಅಲ್ಲಿಯ ಮುಂಗಡದ ಕರಾರು ಬಿಗಿ. ತೆಗೆದುಕೊಳ್ಳುವವರು ಹಿಂದೆ ಸರಿದರೆ ಕೊಟ್ಟ ದುಡ್ಡು ಹೋಯಿತು, ಮಾರುವವರು ಸರಿದರೆ ಎರಡರಷ್ಟು ವಾಪಸ್ ಕೊಡಬೇಕು. ಹೇಳಿದ ದಿನದೊಳಗೆ ನೋಟರಿ ಮುಂದೆ ಸಹಿ ಆಗಲೇಬೇಕು. ಹಾಗಾಗಿ ತಂಗಿ ತನ್ನ ಪರವಾಗಿ ಸಹಿ ಹಾಕಲು ಭಾವನಿಗೆ ಪವರ್ ಆಫ್ ಅಟಾರ್ನಿ ಕೊಡಬೇಕಾಯಿತು. ನಮ್ಮ ಹಿರಿಯರ ಬಾಯಲ್ಲಿ ಅದೇ ಮುಕ್ತಿಯಾರು.

ಮೊದಲು ತಪ್ಪಾದದ್ದು ನನ್ನಿಂದ. ನೋಟರಿ ಅಂದರೆ ಒಂದು ಸೀಲು ಅಂತಲೇ ನಾನು ತಿಳಿದಿದ್ದೆ. ಇಂಟರ್ನೆಟ್ಟಿನಿಂದ ಒಂದು ಇಂಗ್ಲಿಷ್ ಮಾದರಿ ಇಳಿಸಿಕೊಂಡು ತಂಗಿಯ ಹತ್ತಿರ ಮನೆಯಲ್ಲೇ ಸಹಿ ಹಾಕಿಸಿ ಪೇಟೆಯಲ್ಲಿ ಒಬ್ಬರ ಹತ್ತಿರ ಹೋದೆ. ಅವರು ತಲೆಬರಹ ನೋಡಿದರು, ಸೀಲ್ ಒತ್ತಿದರು, ದುಡ್ಡು ತಗೊಂಡರು. ಎರಡು ನಿಮಿಷ ಅಷ್ಟೆ. ಸಹಿ ಯಾರದ್ದು ಅಂತಲೂ ಕೇಳಲಿಲ್ಲ. ಪುಣ್ಯಕ್ಕೆ ಮುಂದಿನ ಸೀಲುಗಳಿಗೆ ಕಳಿಸುವ ಮೊದಲು ಅದರ ಫೋಟೋ ಭಾವನಿಗೆ ಹಾಕಿದ್ದೆ. ಅವರು ಅಲ್ಲಿಯ ನೋಟರಿ ಕಚೇರಿಗೆ ತೋರಿಸಿದರೆ, ಇದು ಆಗುವುದಿಲ್ಲ ಅಂದುಬಿಟ್ಟರು. ಈ ಹೆಂಗಸು ನೋಟರಿಯ ಎದುರಿಗೆ ಬಂದಿದ್ದಾಳಾ? ಯಾವ ದಾಖಲೆ ನೋಡಿ ಗುರುತಿಸಿದರು? ಬರೆದದ್ದು ಅವಳಿಗೆ ಅರ್ಥ ಆಗಿದೆಯಾ? ಕಾಗದದಲ್ಲಿ ಇದ್ಯಾವುದೂ ಇರಲಿಲ್ಲ.

ಇಷ್ಟು ಯಾಕೆ ಕೇಳುತ್ತಾರೆ ಅಂತ ಆಮೇಲೆ ತಿಳಿಯಿತು. ನಮ್ಮಲ್ಲಿ 1952ರ ನೋಟರಿ ಕಾಯಿದೆ ಪ್ರಕಾರ ಸರ್ಕಾರ ವಕೀಲರನ್ನು ನೋಟರಿಯಾಗಿ ನೇಮಿಸುತ್ತದೆ. ಅವರು ಸಹಿಗೆ ಸಾಕ್ಷಿ. ಜಾಗ ಯಾರದ್ದು, ಸಾಲ ಇದೆಯಾ ಅನ್ನುವುದು ಅವರ ಕೆಲಸವಲ್ಲ. ಅದಕ್ಕೆ ಆಧಾರ (ಅಂದರೆ ಜಾಗದ ದಸ್ತಾವೇಜು) ಬರೆಯುವವರು, ಸಬ್ ರಿಜಿಸ್ಟ್ರಾರ್ ಕಚೇರಿ ಬೇರೆ. ಸ್ಪೇನ್, ಫ್ರಾನ್ಸ್, ಇಟಲಿ ಕಡೆ ಹಾಗಲ್ಲ. ಅಲ್ಲಿ ನೋಟರಿ ಅಂದರೆ ಕಠಿಣ ಪರೀಕ್ಷೆ ಪಾಸಾಗಿ ಬಂದ ಸರ್ಕಾರದ ಅಧಿಕಾರಿ ಇದ್ದ ಹಾಗೆ, ಮನೆ ಮಾರಾಟದ ಪತ್ರ ಆಗುವುದೇ ಅವರ ಮುಂದೆ. ಸಹಿಗೆ ಮೊದಲು ಮನೆ ನಿಜವಾಗಿ ಮಾರುವವರದ್ದೇನಾ, ಮೇಲೆ ಸಾಲ ಇದೆಯಾ ಅಂತ ರಿಜಿಸ್ಟ್ರಿಯಿಂದ ತರಿಸಿ ನೋಡುತ್ತಾರೆ. ದುಡ್ಡು ಹೇಗೆ ಕೊಟ್ಟದ್ದು ಅನ್ನುವುದೂ ಪತ್ರದಲ್ಲಿ ಬರಬೇಕು. ಮೂಲ ಪತ್ರ ನೋಟರಿಯ ಹತ್ತಿರವೇ ಉಳಿಯುತ್ತದೆ, ನಮಗೆ ಸಿಗುವುದು ಪ್ರತಿ. ಸ್ಪೇನಿನಲ್ಲಿ ಫೀಸು 1989ರ ಸರ್ಕಾರಿ ಆದೇಶದ ದರಪಟ್ಟಿ ಪ್ರಕಾರ, ಹಾಗಾಗಿ ಅಗ್ಗದ ನೋಟರಿ ಹುಡುಕಿ ಅಲೆಯುವ ಅಗತ್ಯ ಇಲ್ಲ. ಆದರೆ ಅವರು ನಮ್ಮ ವಕೀಲರಲ್ಲ, ಇಬ್ಬರಿಗೂ ಸಮಾನ. ಗೋಡೆ ಸೋರುತ್ತದಾ, ಬೆಲೆ ಜಾಸ್ತಿ ಆಯಿತಾ ಅಂತ ಅವರು ಹೇಳುವುದಿಲ್ಲ. ಭಾವ ಬೇರೆ ವಕೀಲರನ್ನು ಇಟ್ಟುಕೊಂಡದ್ದು ಒಳ್ಳೆಯದೇ ಆಯಿತು.

ಇಲ್ಲಿಂದಲೇ ನೇರ ಮಾಡಿಸಲು ಇನ್ನೊಂದು ದಾರಿಯೂ ಇದೆ. ಸ್ಪೇನಿನ ಕಾನ್ಸುಲೇಟಿಗೆ ಹೋದರೆ ಅಲ್ಲಿಯ ಅಧಿಕಾರಿಯೇ ನೋಟರಿಯಾಗಿ ಪತ್ರ ಮಾಡಿಕೊಡುತ್ತಾರೆ. ಆ ಹೊಟ್ಟೆ ಹೊತ್ತುಕೊಂಡು ತಂಗಿ ಮುಂಬೈಗೆ ಹೋಗುವುದು ಹೇಗೆ?

ಆಗ ಪರಿಚಯದವರೊಬ್ಬರು ವಿದ್ಯಾನಗರದ ಈ ವಕೀಲಮ್ಮನ ಹತ್ತಿರ ಕಳಿಸಿದರು. ಫೋನಿನಲ್ಲೇ, "ಸಹಿ ಹಾಕುವವರು ಬರದಿದ್ದರೆ ನಾನು ಮಾಡುವುದಿಲ್ಲ" ಅಂದರು. ತಂಗಿಯನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಸುಧಾರಿಸಿಕೊಂಡಳು. ಒಳಗೆ ಒಂದು ಮೇಜು, ಮೇಲೆ ದಪ್ಪ ರಿಜಿಸ್ಟರ್, ಪಕ್ಕದಲ್ಲಿ ನೀಲಿ ಶಾಯಿಯ ಪ್ಯಾಡ್. ತಂಗಿಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿ, ಕುಡಿಯಲು ನೀರು ಕೊಟ್ಟು, ಪಾಸ್‌ಪೋರ್ಟ್ ತೆಗೆದು ಫೋಟೋ ನೋಡಿದರು, ಮುಖ ನೋಡಿದರು, ಮತ್ತೆ ಫೋಟೋ ನೋಡಿದರು.

ಆಮೇಲೆ ಓದಲು ಶುರು ಮಾಡಿದರು. ಗಟ್ಟಿಯಾಗಿ, ಒಂದೊಂದೇ ಸಾಲು. ಇಂಗ್ಲಿಷಿನಲ್ಲಿ ಓದಿ, ನಿಲ್ಲಿಸಿ, ಕನ್ನಡದಲ್ಲಿ ಹೇಳಿ, "ಸರಿಯಾ ತಂಗೀ?" ಅಂತ ಕೇಳುತ್ತಿದ್ದರು. ನಾಲ್ಕನೇ ಕಲಮಿಗೆ ಬಂದಾಗ ಪೆನ್ನು ಕೆಳಗಿಟ್ಟರು.

"ಇದರಲ್ಲಿ ಮನೆ ಮಾರುವ ಅಧಿಕಾರವೂ ಇದೆ. ಎಷ್ಟು ಬೇಕಾದರೂ ಸಾಲ ತೆಗೆಯುವ ಅಧಿಕಾರವೂ ಇದೆ. ನಿಮಗೆ ಗೊತ್ತುಂಟಾ?"

ತಂಗಿ ನನ್ನ ಮುಖ ನೋಡಿದಳು, ನಾನು ಅವಳ ಮುಖ. ಆ ಮಾದರಿ ಇಳಿಸಿದ್ದು ನಾನೇ, ನಾನೇ ಪೂರ್ತಿ ಓದಿರಲಿಲ್ಲ. "ಮನೆ ತೆಗೆಯಲು ಮಾತ್ರ ಸಾಕು ಅಕ್ಕ" ಅಂದಳು ತಂಗಿ. ವಕೀಲಮ್ಮ ನನ್ನನ್ನು ಸ್ವಲ್ಪ ಹೊತ್ತು ಹೊರಗೆ ನಿಲ್ಲಲು ಹೇಳಿ ಅವಳೊಬ್ಬಳ ಹತ್ತಿರವೇ ಮಾತಾಡಿದರು. ಯಾರ ಒತ್ತಾಯವೂ ಇಲ್ಲ ತಾನೇ ಅಂತ ಕೇಳಿದರಂತೆ. ನನಗೆ ಬೇಜಾರಾಗಲಿಲ್ಲ, ಕೇಳಬೇಕಾದದ್ದೇ ಅದು. ನಂತರ ಪತ್ರವನ್ನು ಹೊಸದಾಗಿ ಮಾಡಿಸಿದರು. ಆ ಒಂದೇ ಫ್ಲಾಟು, ಅದರ ವಿಳಾಸ, ಇಂತಿಷ್ಟೇ ಸಾಲ, ಇಂಥ ತಾರೀಕಿನವರೆಗೆ ಮಾತ್ರ. ನನ್ನ ಮುಂದೆ ಬಂದಿದ್ದಾರೆ, ಪಾಸ್‌ಪೋರ್ಟ್ ನೋಡಿ ಗುರುತಿಸಿದ್ದೇನೆ, ಓದಿ ಕನ್ನಡದಲ್ಲಿ ವಿವರಿಸಿದ್ದೇನೆ ಅಂತ ಕೊನೆಗೆ ಬರೆದು, ರಿಜಿಸ್ಟರಿನಲ್ಲಿ ತಂಗಿಯ ಸಹಿ ತಗೊಂಡು, ಆ ನಂಬರನ್ನು ಪತ್ರದ ಮೇಲೂ ಹಾಕಿದರು. ಕೇಳದೆಯೇ ರಸೀದಿ ಕೊಟ್ಟರು.

ಇದು ನನಗೆ ಯಾಕೆ ಇಷ್ಟು ತಟ್ಟಿತು ಅಂದರೆ, ನಮ್ಮ ಮನೆಯ ಹಳೆಯ ಆಧಾರಗಳು ಕನ್ನಡದಲ್ಲಿವೆ, 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲಿನ ಕೆಲವು ಮಲಯಾಳದಲ್ಲಿ. ಅಪ್ಪನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ತೋಟ ಪಾಲಾದಾಗ ಯಾರೋ ಗಡಿಬಿಡಿಯಲ್ಲಿ ಓದಿದ್ದಕ್ಕೆ ತಲೆ ಆಡಿಸಿ ಸಹಿ ಹಾಕಿದ್ದರು. ಬಾವಿ ಇರುವ ಸೆಂಟ್ಸ್ ಯಾರ ಪಾಲಿಗೆ ಹೋಯಿತು ಅಂತ ಗೊತ್ತಾದದ್ದು ಮನೆಗೆ ಬಂದ ಮೇಲೆ. ಪರದೇಶದಲ್ಲಿ ಮನೆ ತೆಗೆಯುವವನ ಸ್ಥಿತಿಯೂ ಅದೇ ಅಲ್ವಾ? ಗೊತ್ತಿಲ್ಲದ ಭಾಷೆ, ಕೆಳಗೆ ನಮ್ಮ ಸಹಿ.

ಸ್ಪೇನಿನವರು ಇದನ್ನು ಕಾನೂನಿನಲ್ಲೇ ಇಟ್ಟಿದ್ದಾರೆ. 2019ರ ಗೃಹಸಾಲದ ಕಾನೂನು ಬಂದ ಮೇಲೆ, ಬ್ಯಾಂಕ್ ಸಾಲಕ್ಕೆ ಸಹಿ ಹಾಕುವ ಮೊದಲು ಸಾಲದ ಕಾಗದ ಕೈಗೆ ಸಿಕ್ಕಿ ಕನಿಷ್ಠ 10 ದಿನ ಕಳೆದಿರಬೇಕು. ಆ ದಿನಗಳೊಳಗೆ ಒಮ್ಮೆ ನೋಟರಿ ಹತ್ತಿರ ಹೋಗಿ ವಿವರಣೆ ಕೇಳಬೇಕು, ಅದಕ್ಕೆ ನೋಟರಿ ಫೀಸಿಲ್ಲ. ಕೊನೆಗೆ ಪ್ರಶ್ನೆ ಕೇಳಿ ಅರ್ಥ ಆಗಿದೆಯಾ ಅಂತ ಪರೀಕ್ಷೆಯನ್ನೂ ಮಾಡುತ್ತಾರೆ. ಭಾಷೆ ಬರದವರ ಜೊತೆ ದುಭಾಷಿ ಇರಬೇಕು. ಭಾವ ಪರೀಕ್ಷೆ ಮುಗಿಸಿ ಹೊರಗೆ ಬಂದವರೇ ಖುಷಿಯಿಂದ ಫೋನ್ ಮಾಡಿದ್ದರು.

ಇಲ್ಲಿಯ ಪತ್ರಕ್ಕೆ ನೋಟರಿ ಆದ ಮೇಲೆ ರಾಜ್ಯದ ಗೃಹ ಇಲಾಖೆಯ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್, ಅಂದರೆ ಒಪ್ಪಂದಕ್ಕೆ ಸೇರಿದ ದೇಶಗಳೆಲ್ಲ ಒಪ್ಪುವ ದೃಢೀಕರಣ, ಆಯಿತು. ಈ ಅಪೋಸ್ಟಿಲ್ ಒಪ್ಪಂದ ಭಾರತದಲ್ಲಿ 2005ರಿಂದ ಜಾರಿಯಲ್ಲಿದೆ, ಸ್ಪೇನೂ ಅದರಲ್ಲಿದೆ, ಹಾಗಾಗಿ ರಾಯಭಾರ ಕಚೇರಿಯ ಸೀಲ್ ಬೇಡ. ಆಮೇಲೆ ಸ್ಪೇನಿನಲ್ಲಿ ಅಧಿಕೃತ ಅನುವಾದಕರಿಂದ ಸ್ಪ್ಯಾನಿಷಿಗೆ ಮಾಡಿಸಿದರು. ದುಬೈಯಲ್ಲಿ ಫ್ಲಾಟ್ ತೆಗೆಯುವವರು ನಮ್ಮೂರಲ್ಲಿ ಜಾಸ್ತಿ, ಅವರಿಗೆ ಈ ದಾರಿ ಅಲ್ಲ. ಅಲ್ಲಿಗೆ ಯುಎಇ ರಾಯಭಾರ ಕಚೇರಿಯ ದೃಢೀಕರಣ, ಅರಬಿ ಅನುವಾದ ಎರಡೂ ಬೇಕು.

ಎರಡನೇ ಪತ್ರ ವಲೆನ್ಸಿಯಾದಲ್ಲಿ ಒಂದೇ ಸಲಕ್ಕೆ ಪಾಸಾಯಿತು. ಮುಂಗಡ ಉಳಿಯಿತು. ಸಹಿಯ ದಿನ ಅಲ್ಲಿಯ ನೋಟರಿಯೂ ಪತ್ರವನ್ನು ಓದಿ ಹೇಳಿದರಂತೆ.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಕಾಯಿಸಿದ್ದಕ್ಕೆ. ಬೆಳಗ್ಗೆ ಹೋದರೆ ಕೋರ್ಟಿಗೆ ಹೋಗಿರುತ್ತಾರೆ, ನಮಗೆ ಮಧ್ಯಾಹ್ನದವರೆಗೆ ಕೂರಬೇಕಾಯಿತು. ಫೋನ್ ಮಾಡಿ ಸಮಯ ಕೇಳಿಕೊಂಡೇ ಹೋಗಿ. ಮೂಲ ಪಾಸ್‌ಪೋರ್ಟ್ ತಗೊಂಡು ಹೋಗಿ, ಅವರು ಜೆರಾಕ್ಸ್ ಒಪ್ಪುವುದಿಲ್ಲ. ಮೆಟ್ಟಿಲು ಹತ್ತಲು ಆಗದವರಿದ್ದರೆ ಮೊದಲೇ ತಿಳಿಸಿ. ನಾವು ಹೊರಡುವಾಗ, "ಹೇಳಿದ್ದರೆ ನಾನೇ ರಿಜಿಸ್ಟರ್ ಹಿಡಿದುಕೊಂಡು ಕಾರಿನ ಹತ್ತಿರ ಬರುತ್ತಿದ್ದೆನಲ್ಲ" ಅಂತ ತಂಗಿಯ ಕೈ ಹಿಡಿದು ಕೆಳಗಿನವರೆಗೆ ಇಳಿಸಿದರು.